ಮೂರು ಸಲ ತಟ್ಟಿದ ಮಣೆ

ನದಿಯ ದಡದಲ್ಲೊಂದು ಗುರುಕುಲ. ಅಲ್ಲಿ ಬೆಳಗಿನ ಪಾಠ ಹೇಳಿಕೊಡುವವನು ಮಾರ್ತಾಂಡ. ಒಂದೊಂದು ಸಂಸ್ಕೃತ ಕ್ರಿಯಾಪದಕ್ಕೂ ತೊಂಬತ್ತು ರೂಪ. ನಿನ್ನೆಯದು, ಇಂದಿನದು, ನಾಳೆಯದು, ಅಪ್ಪಣೆಯದು, ಹಾರೈಕೆಯದು. ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು. ಅಷ್ಟು ಕಲಿಯಲು ಆರು ವರ್ಷ ಹಿಡಿದಿತ್ತು.

ಹೊಸದಾಗಿ ಸೇರಿದ ದಾಮೋದರನಿಗೆ ಆರೇ ತಿಂಗಳು ಸಾಕಾಯಿತು. ಮೊನ್ನೆ ಮೊನ್ನೆಯವರೆಗೆ ದೋಣಿ ನಡೆಸುತ್ತಿದ್ದವನು! ಮಾರ್ತಾಂಡನಿಗೆ ಹೊಟ್ಟೆ ಉರಿಯಿತು. ಅನ್ನ ಸೇರಲಿಲ್ಲ.

ಗುರುಗಳು ಅವನನ್ನು ಕರೆದರು.

"ದಾಮೋದರ ಇವತ್ತು ಒಪ್ಪಿಸುತ್ತಾನೆ. ತಪ್ಪಿಲ್ಲದೆ ಮುಗಿಸಿದರೆ ನಾಳೆಯಿಂದ ಬೆಳಗಿನ ಪಾಠ ಅವನದು. ನೀನು ಕೂತು ಕೇಳು."

ಅಲ್ಲಿಯ ಪದ್ಧತಿಯೇ ಹಾಗೆ. ತಪ್ಪಿದರೆ ಕೇಳುವವನು ಮಣೆ ತಟ್ಟುತ್ತಾನೆ. ಹೇಳುವವನು ತುಟಿ ಪಿಟಕ್ಕೆನ್ನದೆ ಮೊದಲಿನಿಂದ ಶುರು ಮಾಡಬೇಕು.

"ಪಠತಿ, ಪಠತಃ, ಪಠಂತಿ..."

ಮಾರ್ತಾಂಡ ಮೈಯೆಲ್ಲ ಕಿವಿಯಾಗಿ ಕಾದ. ಐವತ್ತು ದಾಟಿತು, ಅರವತ್ತು ದಾಟಿತು. ಪುಣ್ಯಾತ್ಮ ಒಂದು ಕಡೆಯಾದರೂ ತಡವರಿಸಬಾರದೇ?

ಎಂಬತ್ತರ ಹತ್ತಿರ ಮಾರ್ತಾಂಡ ಮಣೆ ತಟ್ಟಿದ. ತಪ್ಪೇನೂ ಇರಲಿಲ್ಲ.

ದಾಮೋದರ ಮೊದಲಿನಿಂದ ಹೇಳಿದ. ಮಾರ್ತಾಂಡ ಮತ್ತೆ ತಟ್ಟಿದ. ಮೂರನೆಯ ಸಲವೂ ತಟ್ಟಿದ.

ಮೂರು ಸಲವೂ ಕೇಳಿಸಿಕೊಂಡ ಗುರುಗಳು ಹೇಳಿದರು, "ಈಗ ಮಾರ್ತಾಂಡ ಒಪ್ಪಿಸಲಿ. ದಾಮೋದರ ಕೇಳಲಿ."

ಮಾರ್ತಾಂಡ ಶುರು ಮಾಡಿದ. ನಡುವೆ ಒಂದು ತಪ್ಪು ಬಾಯಿಂದ ಜಾರಿಯೇ ಹೋಯಿತು. ಮಣೆ ಸದ್ದು ಮಾಡಲಿಲ್ಲ. ಅವನು ಕೊನೆಯವರೆಗೂ ಹೇಳಿ ಮುಗಿಸಿದ.

"ಯಾಕೋ ತಟ್ಟಲಿಲ್ಲ?" ತಡೆಯಲಾರದೆ ಅವನೇ ಕೇಳಿದ. "ಪೇಠತುಃ ಅನ್ನೋ ಕಡೆ ಪಪಠತುಃ ಅಂದೆನಲ್ಲ!"

"ತಪ್ಪು ಅಂತ ಅನ್ನಿಸ್ತು, ಅಣ್ಣ. ಆದ್ರೆ ನಾನು ಮೂರು ಸಲ ಎಡವಿದವನು. ಎಲ್ಲಿ ಎಡವಿದೆ ಅನ್ನೋದೇ ಗೊತ್ತಾಗಲಿಲ್ಲ. ಇನ್ನು ನನ್ನ ಕಿವಿಯನ್ನ ಹೇಗೆ ನಂಬಲಿ?"

ಮಾರ್ತಾಂಡನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೋಗಿ ಗುರುಗಳ ಕಾಲು ಹಿಡಿದ.

"ಅವನು ಒಂದು ಸಲವೂ ತಪ್ಪಲಿಲ್ಲ, ಗುರುಗಳೇ. ಹೊಟ್ಟೆಕಿಚ್ಚಿಗೆ ತಟ್ಟಿದೆ. ನನ್ನನ್ನು ಇಲ್ಲಿಂದ ಕಳಿಸಿಬಿಡಿ."

"ನಾಳೆಯ ಪಾಠ ದಾಮೋದರನದು," ಎಂದರು ಗುರುಗಳು. "ನೀನು ದಿನಾ ಅವನಿಗೆ ಒಪ್ಪಿಸು. ಅವನು ಹೆದರದೆ 'ಅಣ್ಣ, ತಪ್ಪು' ಅಂದ ದಿನ ಹೋಗುವೆಯಂತೆ."