ಮಾಲೆ ಹಾಕಿಸಿಕೊಂಡ ಗೀಸರ್

ನರಕ ಚತುರ್ದಶಿಯ ಬೆಳಗ್ಗೆ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಬೀಗುತ್ತಿದ್ದ ಬಚ್ಚಲಮನೆಯ ಗೀಸರ್‌ಗೆ ಇದ್ದಕ್ಕಿದ್ದಂತೆ ಕರೆಂಟು ನಿಂತುಹೋಯಿತು. ಮನೆಮಂದಿಯೆಲ್ಲ ಮೈತುಂಬ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದಾರೆ. ಗೀಸರ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಾಚೆ ನೋಡಿದರೆ, ಅಪಾಯ ಕಂಡರೆ ಕರೆಂಟು ಕಡಿಯುವ ಗೋಡೆಯ ಟ್ರಿಪ್ ಸ್ವಿಚ್ ಕೆಳಗೆ ಬಿದ್ದುಕೊಂಡಿತ್ತು.

"ಏಳಯ್ಯಾ! ನಿನ್ನೆ ಸಂಜೆ ನೀರು ತುಂಬಿ ಪೂಜೆ ಮಾಡಿದ್ದು ನನಗೆ. ಇವತ್ತು ನನ್ನ ಮಾನ ಕಳೆಯುತ್ತೀಯಾ?"

"ನಿನ್ನೊಳಗೆ ನೀರು ಕಾಯಿಸುವ ಕಾಯಿಲ್ ಸೀಳಿಹೋಗಿದೆ. ನೀರಿಗೆ ಕರೆಂಟು ಸೋರುತ್ತಿದೆ," ಎಂದಿತು ಸ್ವಿಚ್.

"ಸುಳ್ಳು! ನಿನಗೊಂದು ಹೂವೂ ಇಡಲಿಲ್ಲವಲ್ಲ, ಅದಕ್ಕೆ ಹೊಟ್ಟೆಕಿಚ್ಚು!"

ಮನೆಯೊಡೆಯ ಶ್ರೀಪತಿ ಬಂದು ಸ್ವಿಚ್ಚನ್ನು ಮೇಲಕ್ಕೆತ್ತಿದ. ಬಿತ್ತು. ಗೊಣಗುತ್ತ ಮತ್ತೆ ಎತ್ತಿದ. ಮತ್ತೆ ಬಿತ್ತು.

"ಕಂಡೆಯಾ, ಎಲ್ಲರೂ ಬೈಯುವುದು ನಿನ್ನನ್ನೇ!" ಎಂದು ಗೀಸರ್ ಹಂಗಿಸಿತು. ಬೆಳಗಿನಿಂದ ತನ್ನ ಹೊಟ್ಟೆಯಲ್ಲಿ ಏನೋ ಚುರುಗುಟ್ಟುತ್ತಿದ್ದುದನ್ನು ಮಾತ್ರ ಅದು ಬಾಯಿಬಿಡಲಿಲ್ಲ.

ಅಷ್ಟರಲ್ಲಿ ಶ್ರೀಪತಿಯ ತಾಯಿಗೆ ಚಳಿ ತಡೆಯದಾಯಿತು. "ಇರೋ ಬಿಸಿನೇ ಸಾಕು ಬಿಡಪ್ಪಾ," ಎಂದು ತಮ್ಮಷ್ಟಕ್ಕೇ ಗೊಣಗುತ್ತ ಅವರು ಷವರ್ ಕೆಳಗೆ ನಿಂತು ನಲ್ಲಿ ತಿರುಗಿಸಿಬಿಟ್ಟರು. ಗೀಸರ್‌ಗೆ ಮಾಲೆ ಕಟ್ಟಿ ಹಾಕಿದ ಕೈ ಅದು. ಗೀಸರ್‌ನ ಹೊಟ್ಟೆಯ ನೀರು ಅವರ ನೆತ್ತಿಯ ಮೇಲೆ ಸುರಿಯಿತು.

ಆಚೆ ಇದನ್ನರಿಯದ ಶ್ರೀಪತಿ ಇನ್ನೊಮ್ಮೆ ಸ್ವಿಚ್ಚನ್ನು ಎತ್ತಿದ.

"ಬೀಳಯ್ಯಾ!" ಎಂದು ಚೀರಿತು ಗೀಸರ್. "ಬೇಗ ಬೀಳು!"

ಸ್ವಿಚ್ ಆಗಲೇ ಬಿದ್ದಾಗಿತ್ತು.