ಹೆಜ್ಜೇನು ಬಂಡೆಗೆ ಹೋದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಅಕ್ಕ ಹೆಜ್ಜೇನು, ತಂಗಿ ತುಡುವೆಜೇನು ಒಂದೇ ಆಲದ ಮರದಲ್ಲಿ ಗೂಡು ಕಟ್ಟಿಕೊಂಡು ಬಾಳುತ್ತಿದ್ದರು. ಅಕ್ಕನ ಗೂಡು ಮೊರದಷ್ಟು ಅಗಲ, ತಂಗಿಯದು ಅಂಗೈಯಷ್ಟು. ಬಿಸಿಲು ಬಂದರೆ ಇಬ್ಬರಿಗೂ ಬಿಸಿಲು, ಮಳೆ ಬಂದರೆ ಇಬ್ಬರಿಗೂ ಮಳೆ.

ಒಂದು ಮುಂಗಾರಿನಲ್ಲಿ ಗಾಳಿ ತಂಗಿಯ ಗೂಡನ್ನು ಕಿತ್ತು ಕೆಡವಿತು. ತುಡುವೆಯ ಬಳಗ ಕೊಂಬೆಗೆ ಗೊಂಚಲಾಗಿ ಜೋತುಬಿದ್ದು ನಡುಗುತ್ತಿತ್ತು. ಆ ದಾರಿಯಲ್ಲಿ ಬಂದ ಬುಟ್ಟಿ ಹೆಣೆಯುವ ಕೆಂಚಕ್ಕ ಕಂಡು ಮರುಗಿದಳು. ರಾಣಿಯನ್ನು ಮೆಲ್ಲಗೆ ಬುಟ್ಟಿಗೆ ಇಳಿಸಿಕೊಂಡಳು. ಬಳಗವೆಲ್ಲ ಹಿಂದೆಯೇ ಹೋಯಿತು. ಹಿತ್ತಲಿನ ಪೊಳ್ಳು ದಿಮ್ಮಿಯೊಂದಕ್ಕೆ ಮೇಣ ಸವರಿ ಒಳಗೆ ಬಿಟ್ಟಳು.

ಅಂದೇ ಹೆಜ್ಜೇನಿಗೆ ಹೊಟ್ಟೆಕಿಚ್ಚು ಹತ್ತಿತು. ಹೂವಿಗೆ ಹೋದರೂ ಅದೇ ಯೋಚನೆ, ನೀರಿಗೆ ಹೋದರೂ ಅದೇ ಯೋಚನೆ. ಅವಳಿಗೆ ಗೋಡೆ, ಅವಳಿಗೆ ಸೂರು. ನನಗೇನು? ನಿನ್ನ ಗೂಡು ಬೀಳಲಿಲ್ಲವಲ್ಲ, ಅದಕ್ಕೇ ಕೆಂಚಕ್ಕ ನಿನ್ನನ್ನು ಕರೆಯಲಿಲ್ಲ ಎಂದು ಗಾಳಿ ಬುದ್ಧಿ ಹೇಳಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ದಿಮ್ಮಿಯ ಬಾಯಿಗೆ ಹೋಗಿ ಇಣುಕಿದಳು. ಒಳಗೆ ಬೆಚ್ಚಗೆ ಸಾಲುಸಾಲು ಗೂಡು. ಕಿಚ್ಚು ತಡೆಯಲಾಗಲಿಲ್ಲ.

“ತಂಗೀ, ಕೆಂಚಕ್ಕ ನಿನ್ನನ್ನು ಸಾಕುತ್ತಿರೋದು ಹೊಗೆ ಹಾಕಿ ಕೊಲ್ಲೋಕೆ. ಇವತ್ತೇ ಹೊರಡು.”

ಸುಳ್ಳೆಂದು ಹೆಜ್ಜೇನಿಗೇ ಗೊತ್ತಿತ್ತು. ಆದರೆ ಹೇಳಿದ್ದು ಒಡಹುಟ್ಟಿದ ಅಕ್ಕ. ತುಡುವೆ ನಂಬಿದಳು. ತುಂಬಿದ ಮನೆ ಬಿಟ್ಟು ಮತ್ತೆ ಆಲದ ಕೊಂಬೆಗೇ ಬಂದು ಜೋತುಬಿದ್ದಳು.

ಕೆಂಚಕ್ಕ ಹುಡುಕಿಕೊಂಡು ಬಂದಳು. ಯಾಕೆ ಬಿಟ್ಟು ಬಂದೆ ಎಂದು ಕೇಳಲಿಲ್ಲ. ಬಳಗವನ್ನು ಮತ್ತೆ ಬುಟ್ಟಿಗೆ ತುಂಬಿಕೊಂಡಳು. ಆಮೇಲೆ ತಲೆಯೆತ್ತಿ ಹೆಜ್ಜೇನಿನತ್ತ ಕೈ ಚಾಚಿದಳು.

“ನೀನೂ ಬಾರವ್ವ. ನಿನಗೂ ಒಂದು ದೊಡ್ಡ ದಿಮ್ಮಿ ಕೊರೆದಿಟ್ಟಿದ್ದೀನಿ.”

ಒಂದು ಗಳಿಗೆ ಹೆಜ್ಜೇನಿನ ಮನಸ್ಸು ಕರಗಿತು. ಇಳಿದು ಆ ಕೈಯ ಮೇಲೆ ಕೂತಳು. ಕೈ ತಂಗಿಯ ವಾಸನೆ ಹೊಡೆಯುತ್ತಿತ್ತು. ಮೊದಲು ಅವಳು, ಆಮೇಲೆ ನಾನು. ಅದನ್ನು ಸಹಿಸಲಾಗದೆ ಅದೇ ಕೈಯನ್ನು ಕುಟುಕಿಬಿಟ್ಟಳು.

ಕೈ ಕುಂಬಳಕಾಯಿಯ ಹಾಗೆ ಊದಿತು. ಕೆಂಚಕ್ಕ ಬುಟ್ಟಿ ಹೊತ್ತು ಹೊರಟಳು. ಕೈ ಚಾಚಿದವಳನ್ನೇ ಕುಟುಕಿ, ಅವಳ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಹೆಜ್ಜೇನು ತನ್ನ ಬಳಗ ಕಟ್ಟಿಕೊಂಡು, ಯಾರ ಕೈಗೂ ಎಟುಕದ ಬಂಡೆಯತ್ತ ಹಾರಿದಳು.

ಅದಕ್ಕೇ ಮಗೂ, ಹೆಜ್ಜೇನು ಇವತ್ತಿಗೂ ಗೋಡೆಯಿಲ್ಲದೆ ಬಂಡೆಗೆ ಜೋತುಬಿದ್ದಿರುತ್ತದೆ, ಮನುಷ್ಯರು ಹತ್ತಿರ ಬಂದರೆ ಸಿಡಿದೇಳುತ್ತದೆ; ತುಡುವೆಯೋ, ಎಂಥ ಒಳ್ಳೆಯ ಪೆಟ್ಟಿಗೆ ಕೊಟ್ಟರೂ, ಅಕ್ಕನ ಮಾತು ನೆನಪಾದ ದಿನ ಎದ್ದು ಹೊರಟು ಕೊಂಬೆಯಲ್ಲಿ ಗೊಂಚಲಾಗಿ ಕೂತು, ಯಾರಾದರೂ ಬುಟ್ಟಿ ಹಿಡಿದು ಬರಲೆಂದು ಕಾಯುತ್ತದೆ.