ಶಲ್ಯದ ಕೆಳಗಿನ ತೀರ್ಪು

"ನನ್ನ ಆಸ್ಥಾನದಲ್ಲಿ ಎಲ್ಲರಿಗೂ ಸೇರಿ ಒಂದೇ ಬಾಯಿ. ಅದು ನನ್ನದು!" ಎಂದು ಗುಮ್ಮನದುರ್ಗದ ದೊರೆ ಕೆಂಚವೀರನಾಯಕ ತೊಡೆ ತಟ್ಟಿದ.

ತಟ್ಟಿದ ರಭಸಕ್ಕೆ ತಲೆಯ ಮೇಲಿನ ಕಿರೀಟ ಅಲ್ಲಾಡಿತು. ಬೆಳಗಿನಿಂದ ಅದು ಸೊಟ್ಟಗಾಗಿತ್ತು.

ಆಗಿದ್ದಿಷ್ಟೇ. ಮೆರವಣಿಗೆಯಲ್ಲಿ ದೊರೆಗೆ ಛತ್ರಿ ಹಿಡಿಯುವ ದ್ಯಾವಣ್ಣ ಸೀನಿದ. ಅಂತಿಂಥ ಸೀನಲ್ಲ, ಮುಂದಿದ್ದ ಕಹಳೆಯವನೇ ಬೆಚ್ಚಿ ಹಿಂತಿರುಗಿ ನೋಡಿದ. ಛತ್ರಿ ಕಿರೀಟಕ್ಕೆ ಬಡಿಯಿತು. ಕಿರೀಟ ಹಾರಿ, ಬೀದಿ ಬದಿ ಮೆಲುಕು ಹಾಕುತ್ತಿದ್ದ ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡಿತು. ಎಮ್ಮೆ ಎದ್ದು ಗಂಭೀರವಾಗಿ ಹೆಜ್ಜೆ ಹಾಕಿತು. ಭಟರು ಅಭ್ಯಾಸಬಲದಿಂದ ಅದಕ್ಕೇ "ಪರಾಕು!" ಅಂದುಬಿಟ್ಟರು.

ಊರಿಗೆ ಊರೇ ನಕ್ಕಿತು. ಕಿರೀಟ ಬೀಳಿಸಿದವರು ಯಾರೇ ಆಗಲಿ ಗಲ್ಲು ಅನ್ನುವುದು ದೊರೆಯ ತಾತನ ಕಾಲದ ಕಟ್ಟಳೆ. ಈಗ ದ್ಯಾವಣ್ಣ ಸಭೆಯ ನಡುವೆ ಕೈ ಕಟ್ಟಿಸಿಕೊಂಡು ನಿಂತಿದ್ದ. ಹೊರಗೆ ಅಂಗಳದಲ್ಲಿ ಬಡಗಿಗಳು ಗಲ್ಲುಗಂಬ ನೆಡುತ್ತಿದ್ದರು.

ಇದನ್ನೆಲ್ಲ ಸಂಕಣ್ಣ ನೋಡುತ್ತಿದ್ದ. ಬಹುಕಾಲ ಎತ್ತಿನ ವ್ಯಾಪಾರ ಮಾಡಿ, ಈಗ ಅರಮನೆಯ ಲಾಯ ನೋಡಿಕೊಳ್ಳುತ್ತಿದ್ದವನು. ಅಂಥ ಕರುಣಾಳು ಏನಲ್ಲ. ಹಿಂದೊಮ್ಮೆ ಘಾಟಿಯಲ್ಲಿ ತನ್ನ ಆಳನ್ನು ಕೊಂದ ದರೋಡೆಕೋರನನ್ನು ನೇಣಿಗೆ ಹಾಕುವಾಗ ತನ್ನದೇ ಹಗ್ಗ ಕೊಟ್ಟಿದ್ದ. ಎತ್ತು ಕಟ್ಟುವ ಒಳ್ಳೇ ಹಗ್ಗ. ಆಮೇಲೆ ಅದನ್ನು ಯಾವ ಎತ್ತಿಗೂ ಕಟ್ಟಲು ಮನಸ್ಸು ಬಾರದೆ ಎಸೆದುಬಿಟ್ಟ. ಕೊಟ್ಟದ್ದು ಸರಿಯೋ, ಎಸೆದದ್ದು ಸರಿಯೋ, ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಆದರೆ ಸೀನಿಗೆ ಗಲ್ಲು ಅಂದರೆ ಯಾವ ಸಂತೆಯಲ್ಲೂ ತೀರಾ ದುಬಾರಿ.

"ಪ್ರಭು, ಇಲ್ಲಿ ಎಲ್ಲರಿಗೂ ನಿಜವಾಗಿ ಗಲ್ಲೇ ಬೇಕೇ?" ಎಂದು ಅವನು ಕೇಳಿದ.

"ಬೇಕು!" ಎಂದು ಸಭೆ ಗರ್ಜಿಸಿತು. ದಳವಾಯಿ ಹುಲಿಯಪ್ಪನದು ಎಲ್ಲರಿಗಿಂತ ದೊಡ್ಡ ಗಂಟಲು.

"ಕೇಳಿದೆಯಾ ಸಂಕಣ್ಣ? ನಿನ್ನನ್ನು ಬಿಟ್ಟು ಒಬ್ಬನೇ ಒಬ್ಬ ಮನಸಾರೆ ಬೇಡ ಅನ್ನಲಿ, ಇವನನ್ನು ಈಗಲೇ ಬಿಡುತ್ತೇನೆ!"

ಪ್ರಧಾನಿ ನಂಜಯ್ಯ ಕೆಮ್ಮಿದ. "ಹಾಗಂದವನನ್ನು ಇವನ ಬದಲಿಗೆ ತೂಗಿಸಬೇಕು ಪ್ರಭು. ಕಂಬ ಹೇಗೂ ಸಿದ್ಧವಾಗುತ್ತಿದೆ."

"ಆಗಲಿ!" ಅಂದ ದೊರೆ.

ಇನ್ನು ಯಾರು ಬಾಯಿ ಬಿಟ್ಟಾರು? ಸಂಕಣ್ಣ ಹೆಗಲ ಮೇಲಿನ ಶಲ್ಯ ಕೊಡವಿದ.

"ಎತ್ತಿನ ಸಂತೆಯಲ್ಲಿ ಬೆಲೆ ಕೂಗಿ ಹೇಳೋದಿಲ್ಲ ಪ್ರಭು. ಬಾಯಲ್ಲಿ ಎತ್ತನ್ನು ಬೈತಾನೇ ಇರ್ತಾರೆ, ಶಲ್ಯದ ಕೆಳಗೆ ಬೆರಳು ಹಿಡಿದು ಬೆಲೆ ಹೇಳ್ತಾರೆ. ಅದೇ ನಿಜ. ಇಲ್ಲೂ ಹಾಗೇ ಕೇಳ್ತೀನಿ. ಒಂದು ಬೆರಳು ಹಿಡಿದರೆ ಗಲ್ಲು, ಇಡೀ ಕೈ ಹಿಡಿದರೆ ಬಿಡುಗಡೆ."

ದೊರೆಗೆ ತಮಾಷೆ ಅನ್ನಿಸಿತು. "ಕೇಳು, ಕೇಳು. ಆಮೇಲೆ ಅಳಬೇಡ."

ಮೊದಲು ದಳವಾಯಿ. "ಗಲ್ಲು! ಗಲ್ಲು!" ಎಂದು ಅಬ್ಬರಿಸುತ್ತಲೇ, ಸಂತೆಯಲ್ಲಿ ಅಪ್ಪನ ಕೈ ಹಿಡಿದ ಮಗುವಿನ ಹಾಗೆ ಸಂಕಣ್ಣನ ಇಡೀ ಕೈ ಅವುಚಿಕೊಂಡ.

ಇಷ್ಟಕ್ಕೇ ದ್ಯಾವಣ್ಣ ಉಳಿದ ಹಾಗೆ. ಆದರೆ ಹೆಸರು ಹೇಳಿದರೆ ದಳವಾಯಿ ಹೋದ ಹಾಗೆ. ಸಂಕಣ್ಣ ಏನೂ ತೋರಗೊಡದೆ ಮುಂದೆ ನಡೆದ.

ಪ್ರಧಾನಿ ಒಂದು ಬೆರಳು ಹಿಡಿದ. ಬಿಟ್ಟ. ಮತ್ತೆ ಎರಡು ಹಿಡಿದ.

"ಎರಡು ಅಂದರೇನು ಸ್ವಾಮಿ?" ಸಂಕಣ್ಣ ಪಿಸುಗುಟ್ಟಿದ.

"ಅರ್ಧ."

"ಅರ್ಧ ಗಲ್ಲು ಹೆಂಗಾಗುತ್ತೆ?"

"ಸುಮ್ಮನೆ ಏರಿಸಿ ಇಳಿಸೋದು... ನನಗೇನಯ್ಯಾ ಗೊತ್ತು! ಒಂದೇ ಇರಲಿ, ಮುಂದೆ ಹೋಗು!"

ದ್ಯಾವಣ್ಣನ ಹೆಂಡತಿ ಚೌಡವ್ವನೇ ನುಗ್ಗಿಬಂದು ಶಲ್ಯದೊಳಗೆ ಕೈ ತೂರಿಸಿದಳು. "ಹೊತ್ತಾರೆ ನಶ್ಯ ಏರಿಸಬ್ಯಾಡ ಅಂತ ಬಡಕೊಂಡೆ! ಕೇಳಿದ್ನಾ?" ಎಂದು ಒಂದೇ ಬೆರಳನ್ನು ಮುರಿಯುವ ಹಾಗೆ ತಿರುಚಿದಳು. ಆಮೇಲೆ ಗಂಡನ ಮುಖ ನೋಡಿ, ಮೊಣಕೈತನಕ ಹಿಡಿದುಕೊಂಡಳು.

ಕೊನೆಗೆ ಸಂಕಣ್ಣ ಸಿಂಹಾಸನದ ಮುಂದೆ ನಿಂತ. "ಪ್ರಭುಗಳ ಕೈ?"

"ನನ್ನದೇನು ಗುಟ್ಟೇ? ಗಲ್ಲು!" ಎಂದು ದೊರೆ ಕೈ ಒಳಗಿಟ್ಟ. ಒಂದೇ ಬೆರಳು ಹಿಡಿದ. ಬಲವಾಗಿಯೇ ಹಿಡಿದ.

ಅಷ್ಟರಲ್ಲಿ ಹೊರಗೆ ಬಡಗಿಗಳು ಕಂಬ ಪರೀಕ್ಷಿಸಲು ಒಂದು ಬೂದುಗುಂಬಳಕಾಯಿಯನ್ನು ಹಗ್ಗಕ್ಕೆ ಕಟ್ಟಿ ಬಿಟ್ಟರು. 'ಧೊಪ್' ಎಂದಿತು.

ದೊರೆಯ ಬಾಯಿ "ಗಲ್ಲು..." ಅನ್ನುತ್ತಲೇ ಇತ್ತು. ಶಲ್ಯದ ಕೆಳಗೆ ಒಂದು ಬೆರಳು ಎರಡಾಯಿತು, ನಾಲ್ಕಾಯಿತು, ಇಡೀ ಕೈ ಆಯಿತು. ಬೆವರಿತು ಕೂಡ.

ಪ್ರಧಾನಿಗೆ ತಡೆಯಲಾಗಲಿಲ್ಲ. "ಏನಾಯ್ತಯ್ಯಾ? ಬೇಡ ಅಂದವರಿದ್ದಾರೋ?"

"ಇದ್ದಾರೆ."

"ಯಾರು ಆ ದ್ರೋಹಿ? ಹೆಸರು ಹೇಳು!"

"ಹೆಸರು ಹೇಳೋದು ಸಂತೆಯ ಮರ್ಯಾದೆಯಲ್ಲ ಸ್ವಾಮಿ."

"ಮರ್ಯಾದೆ ಹಾಳಾಗಲಿ! ಅವನು ನೇತಾಡಬೇಕು ಅಂತ ಪ್ರಭುಗಳೇ ಒಪ್ಪಿದ್ದಾರೆ! ಹುಡುಕಿ ಎಳೆದು ತಾ!"

"ಹುಡುಕೋದೇನೂ ಬೇಡ," ಅಂದ ಸಂಕಣ್ಣ. "ಅವರಿನ್ನೂ ನನ್ನ ಕೈ ಬಿಟ್ಟಿಲ್ಲ. ಶಲ್ಯ ತೆಗೀಲಾ?"

ಸಭೆಯ ಕಣ್ಣೆಲ್ಲ ಶಲ್ಯದ ಮೇಲೆ ಬಿತ್ತು. ಒಂದು ಬದಿಯಿಂದ ಸಂಕಣ್ಣನ ತೋಳು ಒಳಗೆ ಹೋಗಿತ್ತು. ಇನ್ನೊಂದು ಬದಿಯಿಂದ, ಚಿನ್ನದ ಕಡಗದ ತೋಳು.

ಪ್ರಧಾನಿ ತುಟಿ ಒರೆಸಿಕೊಂಡ. "ನಿಧಾನವಾಗಿ ಯೋಚಿಸಿದರೆ ಪ್ರಭು, ಈ ಗಲ್ಲು ಅನ್ನೋದೇ ಅಷ್ಟು ಒಳ್ಳೇ ಪದ್ಧತಿಯಲ್ಲ."

ದೊರೆಗೆ ನಗು ಉಕ್ಕಿತು. ನಕ್ಕು ನಕ್ಕು ಬಗ್ಗಿದ. ಸೊಟ್ಟ ಕಿರೀಟ ಜಾರಿ ಠಣ್ಣನೆ ನೆಲಕ್ಕೆ ಬಿತ್ತು.

"ಈಗ ಪ್ರಭುಗಳಿಗೆ ಎರಡು ಗಲ್ಲು," ಅಂದ ಸಂಕಣ್ಣ. "ಬೇಡ ಅಂದದ್ದಕ್ಕೆ ಒಂದು, ಕಿರೀಟ ಬೀಳಿಸಿದ್ದಕ್ಕೆ ಒಂದು."

"ಸಾಕು ಮಾರಾಯ! ತಾತನ ಕಟ್ಟಳೆ ತಾತನ ಜೊತೆಗೇ ಹೋಗಲಿ. ಬಿಡಿಸಿ ದ್ಯಾವಣ್ಣನನ್ನು!" ದೊರೆ ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು ದನಿ ತಗ್ಗಿಸಿದ. "ಆದರೆ ಸಂಕಣ್ಣ, ಗಲ್ಲು ಅಂದಾಗ ನಾನು ಸುಳ್ಳು ಹೇಳಿರಲಿಲ್ಲ ಕಣಯ್ಯಾ. ಆ ಕೋಪವೂ ನಿಜ."

"ಗೊತ್ತು ಪ್ರಭು. ಮೊದಲು ಹಿಡಿದದ್ದು ಒಂದೇ ಬೆರಳು, ಇನ್ನೂ ಉರೀತಿದೆ. ಆದರೆ ಸಂತೆಯಲ್ಲಿ ಕೊನೆಗೆ ಹಿಡಿದದ್ದೇ ಬೆಲೆ."

"ಭಲೇ! ಕೇಳು, ಏನು ಬಹುಮಾನ ಬೇಕು?"

"ಅದು ಆಮೇಲಾಗಲಿ," ಅಂದ ಸಂಕಣ್ಣ. "ಮೊದಲು ನನ್ನ ಕೈಗೂ ಬಿಡುಗಡೆ ಕೊಡಿ ಪ್ರಭು!"